ಸ್ವಪೀಡನೆಯ ದವಡಿ ಹಲ್ಲು

ಸಿಂಧನೂರಿಂದ ದಿನಾ ಬಸ್ಸಿಗೆ ಬಂದು ಮಸ್ಕ್ಯಾಗ ಹಲ್ಲಿನ ದವಾಖಾನಿ ನಡಸ್ತೀನಿ. ನೋವು ಕಳಕೊಳ್ಳಾಕ ಬರೋರು ಕಮ್ಮಿ, ನೋವು ಕಾಪಾಡ್ಕೊಳ್ಳಾಕ ಬರೋರ ಹೆಚ್ಚು. ಹಿಂಗಾಗಿ ವಾರಕ್ಕೊಂದು ತಮಾಷೆ ಇದ್ದದ್ದ.

ಒತ್ತಿ ನೋಡೋದು

ಪಾಮನಕಲ್ಲೂರಿನ ರಿಟೈರ್ಡ್ ಮಾಸ್ತರು ಹೆಂಡತಿ ಜೋಡಿ ಬಂದ್ರು. ದವಡಿ ಹಲ್ಲು ಪೂರಾ ಹುಳುಕಾಗಿತ್ತು.

"ಯಾವಾಗ ನೋಯ್ತೈತ್ರಿ?"

"ನಾಲಿಗಿಲೆ ಒತ್ತಿದ್ರ ಜೀವ ಹೋಗ್ತೈತ್ರಿ."

"ಮತ್ತ ಒತ್ತಬ್ಯಾಡ್ರಿ."

"ಒತ್ತದಿದ್ರ ನೋವು ಐತೋ ಇಲ್ಲೋ ಹೆಂಗ ಗೊತ್ತಾಗಬೇಕ್ರಿ?"

ಹೆಂಡತಿ ಹಣಿ ಬಡ್ಕೊಂಡ್ರು. "ಐತವಾರ ಲಿಂಗಸುಗೂರಾಗ ನಮ್ಮ ತಂಗಿ ಮಗಳ ಮದುವಿ ಐತ್ರಿ. ಅಲ್ಲಿ ಇವರು ಗಲ್ಲ ಹಿಡ್ಕೊಂಡು ಎಲಿ ಮುಂದ ಕುಂತ್ರ, ಬೀಗರ ಎದುರಿಗೆ ನನ್ನ ಮರ್ಯಾದಿ ಏನಾಗಬೇಕು? ಕಿತ್ತು ಬಿಡ್ರಿ."

ಮಾಸ್ತರು ಗಪ್ ಅಂತ ಬಾಯಿ ಮುಚ್ಕೊಂಡ್ರು. ಎಷ್ಟು ಹೇಳಿದ್ರೂ ತಗೀಲಿಲ್ಲ. ಗುಳಿಗಿ ಕೊಟ್ಟು ಕಳಿಸಿದೆ.

ಬ್ಯಾನಿಗೆ ಹೆಸರು

ಎರಡು ದಿನಕ್ಕ ಬಂದ್ರು, ಗಲ್ಲ ಬೋಂಡಾದಂಗ ಊದಿತ್ತು. ಗುಳಿಗಿ ಮುಟ್ಟಿದ್ದಿಲ್ಲ. ಅದ ಹಲ್ಲಿಲೆ ಖಡಕ್ ರೊಟ್ಟಿ ಕಡದಿದ್ರು.

ನನಗ ಸಿಟ್ಟು ನೆತ್ತಿಗೇರ್ತು. "ಮಾಸ್ತರ, ತಮಗ ತಾವ ನೋವು ಮಾಡ್ಕೊಂಡು ಅದರಾಗ ಸುಖ ಪಡೋದಕ್ಕ ಸ್ವಪೀಡನೆ ಅಂತಾರ್ರಿ."

ಮಾಸ್ತರ ಮಾರಿ ಅರಳಿತು. "ಹೌದ್ರಿ? ಇದಕ್ಕೊಂದು ಹೆಸರೂ ಐತ್ರಿ?" ಅಂದವರ ಚೀಟಿ ಮ್ಯಾಲೆ ಬರ್ಕೊಂಡ್ರು.

ಊರಾಗ ಕಟ್ಟಿ ಮ್ಯಾಲೆ ಕುಂತು "ನನಗ ಸ್ವಪೀಡನೆ ಆಗೇತಿ" ಅಂತ ಸಾರಿದ್ರಂತ. ಪಾಪ, ದೊಡ್ಡ ಬ್ಯಾನಿ ಇರಬೇಕಂತ ಮಂದಿ ಬಾಳೆಹಣ್ಣು ಹಿಡ್ಕೊಂಡು ಮಾತಾಡ್ಸಾಕ ಬಂದ್ರಂತ.

ಬೀಗರು

ಶುಕ್ರವಾರ ಹೆಂಡತಿ ಅವರ ರಟ್ಟಿ ಹಿಡ್ಕೊಂಡು ಎಳ್ಕೊಂಡ ಬಂದ್ರು. ತಾವ ಮುಂದ ನಿಂತು ಗುಳಿಗಿ ನುಂಗಿಸಿದ್ರಂತ, ಬಾವು ಇಳದಿತ್ತು, ಕಿತ್ತೆ. ಮಾಸ್ತರು ಹಲ್ಲು ಕೇಳಿ ಇಸ್ಕೊಂಡು ಕಾಗದದಾಗ ಕಟ್ಕೊಂಡು ಹೋದ್ರು.

ಸೋಮವಾರ ಹೆಂಡತಿ ಒಳಗ ಬಂದ್ರು. "ಮಾಸ್ತರು ಮದುವಿ ಊಟ ಗಡದ್ದಾಗಿ ಮಾಡಿದ್ರೇನ್ರಿ?" ಅಂತ ಕೇಳಿದೆ.

"ಮಾಡಿದ್ರು. ಮಾಡಿ ಸುಮ್ಮನ ಕೂಡಬಾರದಾ? ಗಂಡಿನ ಅಪ್ಪನ ಎಲಿ ಮುಂದ ಕಾಗದ ಬಿಚ್ಚಿ, ಸ್ವಪೀಡನೆ ಅಂದ್ರ ಇದ ನೋಡ್ರಿ ಅಂತ ಹಲ್ಲು ತೋರಿಸಿದ್ರು."

"ಅಯ್ಯ ಶಿವನ, ಬೀಗರು ಸಿಟ್ಟಾದ್ರೇನು?"

"ಸಿಟ್ಟ? ತಮ್ಮ ಹಲ್ಲೂ ನೋಯ್ತೈತಂತ ಇವರ ಬೆನ್ನು ಹತ್ತ್ಯಾರ. ಹೊರಗ ಕುಂತಾರ ನೋಡ್ರಿ ಇಬ್ಬರೂ."

ಒಳಗ ಕರದೆ. ಬೀಗರು ಖುರ್ಚಿ ಮ್ಯಾಲೆ ಕುಂತು, ನನ್ನ ಕೈಯಾಗಿನ ಇಕ್ಕಳ ದೂರ ಸರಿಸಿ ಮೆಲ್ಲಕ ಅಂದ್ರು:

"ಡಾಕ್ಟರ, ಹಲ್ಲು ಇರಲಿ ಬಿಡ್ರಿ. ನಾವು ಗಂಡಿನ ಕಡಿಯವರು. ಮಾಸ್ತರಿಗೆ ಕೊಟ್ಟಿದ್ದಕ್ಕಿಂತ ದೊಡ್ಡ ಹೆಸರೊಂದು ನನಗ ಬರ್ದು ಕೊಡ್ರಿ."