ಪಾರಂಪರಿಕ ಪಬ್ ಮುದ್ರಾ ಅಭಿಯಾನ

ಜಪಾನಿನ ಕಾವಾಸಾಕಿ ಊರಿನ ಹಳೆಯ ಪಬ್ಬುಗಳಿಗೆ ಗಿರಾಕಿಗಳು ಕಡಿಮೆಯಾಗಿದ್ದಾರೆಂಬ ಸಂಗತಿ ಪಾರಂಪರಿಕ ಪಬ್ ಸಂರಕ್ಷಣಾ ಮಂಡಳಿಯ ಗಮನಕ್ಕೆ ಬಂದಿತು. ಗಮನಕ್ಕೆ ಬಂದ ಮೇಲೆ ಸುಮ್ಮನಿರಲು ಮಂಡಳಿಯ ನಿಯಮಾವಳಿಯಲ್ಲಿ ಅವಕಾಶವಿಲ್ಲದ ಕಾರಣ ಅಭಿಯಾನ ಆರಂಭವಾಯಿತು.

ಕಾರ್ಖಾನೆಯೊಂದರಲ್ಲಿ ಎಂಜಿನಿಯರ್ ಆಗಿದ್ದ ಭೀಮಸೇನನಿಗೆ ವಾರಕ್ಕೆ ಇದ್ದದ್ದು ಒಂದೇ ಸುಖ. ಶುಕ್ರವಾರ ಸಂಜೆ ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ, ಕುದೋ ಸಾನ್ ಅವರ ಎಂಟು ಕುರ್ಚಿಯ ಪಬ್ಬಿನಲ್ಲಿ ಒಂದು ಗ್ಲಾಸ್ ಏಲ್ ಬಿಯರು, ಬಾಣಲೆಯಲ್ಲಿ ಕರಿದ ಒಂದು ತಟ್ಟೆ ಬಿಸಿ ಆಲೂಗಡ್ಡೆ ಕೊರೊಕ್ಕೆ. ಎಪ್ಪತ್ತೆರಡರ ಕುದೋ ಸಾನ್ ಪೀಪಾಯಿಯ ಬಿಯರನ್ನು ಕೈಪಂಪಿನಿಂದಲೇ ಎಳೆದು ಕೊಡುತ್ತಿದ್ದರು. ಬಾಯಿ ತೆರೆದ ಪೀಪಾಯಿ ಮೂರು ದಿನದಲ್ಲಿ ಖಾಲಿಯಾಗದಿದ್ದರೆ ಹುಳಿ. ಈಚೆಗೆ ಬರೀ ಹುಳಿಯೇ ಆಗುತ್ತಿದ್ದುದರಿಂದ ಅಂಗಡಿ ಮುಚ್ಚುವ ಮಾತಾಡಿದ್ದರು.

ಆ ಶುಕ್ರವಾರ ಹೋದರೆ ಬಾಗಿಲಿನಿಂದ ರಸ್ತೆಯವರೆಗೆ ಸಾಲು! ಭೀಮಸೇನ ಸಂತೋಷದಿಂದ ಸಾಲಿನ ಕೊನೆಗೆ ನಿಂತ. ಒಳಗೆ ಮಂಡಳಿಯ ನಿಶಿಮುರಾ ಸಾನ್ ಮೇಜು ಹಾಕಿಕೊಂಡು ಮುದ್ರೆ ಒತ್ತುತ್ತಿದ್ದರು. ಕಾರ್ಡು ಹಿಡಿದು ಊರೆಲ್ಲ ಸುತ್ತಿ ಮುದ್ರೆ ಒತ್ತಿಸಿಕೊಳ್ಳುವುದೆಂದರೆ ಅಲ್ಲಿಯವರಿಗೆ ಹರಕೆಗಿಂತ ಹೆಚ್ಚು. ಹನ್ನೆರಡು ಪಬ್ಬು, ಹನ್ನೆರಡು ಮುದ್ರೆ, ಕೊನೆಗೊಂದು ಪ್ರಶಸ್ತಿ ಪತ್ರ.

"ಸುಮಿಮಾಸೆನ್, ಒಂದು ಏಲ್," ಎಂದು ಜಪಾನೀ ರೂಢಿಯಂತೆ ಕ್ಷಮೆ ಕೋರಿ ಕೇಳಿದ ಭೀಮಸೇನ.

ನಿಶಿಮುರಾ ಸಾನ್ ವಿನಯದಿಂದ ಗೋಡೆಯ ಮೇಲಿನ ಸೂಚನಾ ಫಲಕ ತೋರಿಸಿದರು.

"ಸೂಚನೆ ಮೂರು: ಮುದ್ರೆಯ ಮಸಿ ಒಣಗುವವರೆಗೆ ಮೇಜಿನ ಎರಡು ಮೀಟರ್ ಒಳಗೆ ಯಾವುದೇ ದ್ರವ ಪದಾರ್ಥವನ್ನಾಗಲಿ, ಜಿಡ್ಡಿನ ಪದಾರ್ಥವನ್ನಾಗಲಿ ತರತಕ್ಕದ್ದಲ್ಲ."

ಪಬ್ಬಿನ ಒಟ್ಟು ಅಗಲ ಒಂದೂಮುಕ್ಕಾಲು ಮೀಟರ್.

"ಮಸಿ ಎಷ್ಟು ಹೊತ್ತಿಗೆ ಒಣಗುತ್ತೆ?"

"ಐದೇ ನಿಮಿಷ, ಭೀಮಸೇನ ಸಾನ್. ಆದರೆ ಹತ್ತು ಸೆಕೆಂಡಿಗೊಂದು ಒತ್ತುತ್ತಿದ್ದೇವೆ."

ಮುಂದಿನ ವಾರ ಸಾಲಿಗೆ ಅಡ್ಡಿಯೆಂದು ಕುರ್ಚಿಗಳು ಹೋದವು. ಅದರ ಮುಂದಿನ ವಾರ ಬಾಣಲೆ ಹೋಯಿತು. ಕೈಪಂಪಿಗೆ ಗಾಜಿನ ಮುಚ್ಚಳ ಬಂತು. ಕುದೋ ಸಾನ್ ಅವರಿಗೆ ತಿಂಗಳಿಗಿಷ್ಟು ಸಂರಕ್ಷಣಾ ಭತ್ಯೆ ಮಂಜೂರಾಗಿ, ಅಂಗಡಿ ಮುಚ್ಚುವ ಮಾತು ನಿಂತಿತು.

ಮನೆಯಲ್ಲಿ ಹೆಂಡತಿ ಇಂದಿರಾ ಕಾರ್ಡು ಬಿಡಿಸಿ ತೋರಿಸಿದಳು.

"ರೀ, ನಂದು ಒಂಬತ್ತು ಸ್ಟಾಂಪ್ ಆಯ್ತು! ಪಬ್ ಅಂದ್ರೆ ಇಷ್ಟು ಡೀಸೆಂಟ್ ಜಾಗ ಅಂತ ಗೊತ್ತೇ ಇರ್ಲಿಲ್ಲ."

"ಅಲ್ಲಿ ಏನಾದ್ರೂ ಕುಡಿದ್ಯಾ?"

"ಕುಡಿಯೋಕೆ ಯಾರಾದ್ರೂ ಪಬ್‌ಗೆ ಹೋಗ್ತಾರಾ? ಪಕ್ಕದಲ್ಲೇ ಕೊಂಬಿನಿ ಅಂಗಡಿ ಇದೆಯಲ್ರೀ."

ಮೂರನೆಯ ತಿಂಗಳು, ನಿಶಿಮುರಾ ಸಾನ್ ಮಸಿ ತರಲು ಹೊರಗೆ ಹೋಗಿದ್ದಾಗ ಕುದೋ ಸಾನ್ ಸರಕ್ಕನೆ ಗಾಜಿನ ಮುಚ್ಚಳ ಎತ್ತಿದರು. ಪಂಪು ಎಳೆದು ಗ್ಲಾಸು ತುಂಬಿಸಿ ಮುಂದಿಟ್ಟರು.

"ಬೇಗ. ಬೆಳಿಗ್ಗೆಯಷ್ಟೇ ತೆರೆದ ಪೀಪಾಯಿ. ಯಾರಾದರೂ ಒಬ್ಬರು ಕುಡಿಯಲಿ ಅಂತ."

ಭೀಮಸೇನ ಗ್ಲಾಸನ್ನು ತುಟಿಯವರೆಗೆ ತಂದ. ಬಾಯಲ್ಲಿ ನೀರೂರಿತು. ಕಣ್ಣು ಮಾತ್ರ ಹಾಳಾದ ಗೋಡೆಯ ಮೇಲೆ ಬಿತ್ತು. "ಸೂಚನೆ ಹನ್ನೊಂದು: ಪಾರಂಪರಿಕ ವಸ್ತುವನ್ನು ಸೇವಿಸಿದಲ್ಲಿ ಪಬ್ಬಿನ ಮಾನ್ಯತೆ ಮತ್ತು ಭತ್ಯೆ ರದ್ದು." ತಾನು ಒಂದು ಗುಟುಕು ಕುಡಿದರೆ ಮುದುಕರ ಅಂಗಡಿ ಬಾಗಿಲು ಹಾಕುತ್ತದೆ. ಗ್ಲಾಸನ್ನು ಕೆಳಗಿಟ್ಟ. ಅವನಿಗೆ ಅಳು ಬಂತು, ಕುದೋ ಸಾನ್ ಮುಖ ಆಚೆ ತಿರುಗಿಸಿಕೊಂಡರು.

ಮರಳಿ ಬಂದ ನಿಶಿಮುರಾ ಸಾನ್ ಸ್ಕೇಲು ಹಿಡಿದು ಬಿಯರಿನ ಮಟ್ಟ ಅಳೆದು, "ಕೊರತೆ ಇಲ್ಲ" ಎಂದು ಬರೆದುಕೊಂಡು, ಗ್ಲಾಸನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರು.

ವರ್ಷಾಂತ್ಯದ ಪ್ರಕಟಣೆಯಂತೆ ಅಭಿಯಾನ ನಿರೀಕ್ಷೆ ಮೀರಿ ಯಶಸ್ವಿಯಾಗಿದೆ. ಭೇಟಿಗಳು ನಲವತ್ತು ಸಾವಿರ, ಮಾರಾಟವಾದ ಏಲ್ ಶೂನ್ಯ, ಮುಚ್ಚಿದ ಪಬ್ಬುಗಳೂ ಶೂನ್ಯ. ಎಲ್ಲೆಲ್ಲೂ ಹರ್ಷ ವ್ಯಕ್ತವಾಗಿದೆ.

ಭೀಮಸೇನ ಈಗಲೂ ಶುಕ್ರವಾರ ತಪ್ಪಿಸುವುದಿಲ್ಲ. ಒಂದು ಗಂಟೆ ಸಾಲಿನಲ್ಲಿ ನಿಂತು ಮುದ್ರೆ ಒತ್ತಿಸಿಕೊಳ್ಳುತ್ತಾನೆ. ಪೆಟ್ಟಿಗೆಯೊಳಗಿನ ಗ್ಲಾಸಿನೆದುರು ಕೈಮುಗಿದು, ಜಪಾನಿನಲ್ಲಿ ಉಂಡೆದ್ದವರು ಹೇಳುವಂತೆ "ಗೊಚಿಸೋಸಾಮಾ" ಅನ್ನುತ್ತಾನೆ.

"ಇವತ್ತು ಹೇಗಿತ್ತು?" ಎಂದು ಕುದೋ ಸಾನ್ ತಪ್ಪದೆ ಕೇಳುತ್ತಾರೆ.

"ಹೋದ ವಾರಕ್ಕಿಂತ ಚೆನ್ನಾಗಿತ್ತು."

ಮುದುಕರ ಮುಖ ಅರಳುತ್ತದೆ.