ಕೊಟ್ರಬಸಪ್ಪನ ದ್ರಾಕ್ಷಾರಿಷ್ಟ

ಜಗಳೂರಿನ ಡ್ರಾಯಿಂಗ್ ಮೇಷ್ಟ್ರು ಕೊಟ್ರಬಸಪ್ಪನ ಕರ್ಮ ಯಾವ ಶತ್ರುವಿಗೂ ಬೇಡ! ಮದುವೆಯಾಗಿ ಮೂರು ವರ್ಷವಾದರೂ ಹೆಂಡತಿ ರುದ್ರಾಣಿಯ ಎದುರು ಅರ್ಧ ಗಂಟೆ ಕೂತು ಮಾತಾಡಿದವನಲ್ಲ. ಇಬ್ಬರೂ ಕೂತರೆ ಸಾಕು, ತಾಯಿ ಸರ್ವಮಂಗಳಮ್ಮ ಮೊರದ ತುಂಬ ಅಕ್ಕಿ ತಂದು ನಡುವೆ ಕೂತು ಕಲ್ಲು ಆರಿಸುತ್ತಿದ್ದರು. (ಆ ಕಲ್ಲಿನಲ್ಲಿ ಇಷ್ಟು ಹೊತ್ತಿಗೆ ಬೇರೆ ಮನೆಯನ್ನೇ ಕಟ್ಟಬಹುದಿತ್ತು.)

ಎಂಬತ್ತೆರಡನೇ ಇಸವಿಯಲ್ಲಿ ಒಮ್ಮೆ ತಾಯಿ ಸೊಕ್ಕೆ ಊರಿನ ತಂಗಿ ಮನೆಗೆ ಎರಡು ದಿನಕ್ಕೆಂದು ಹೊರಟರು. ಬಸ್ಸು ಕಣ್ಮರೆಯಾದದ್ದೇ ತಡ, ರುದ್ರಾಣಿ ವಾರಪತ್ರಿಕೆಯ ಚಿತ್ರವೊಂದನ್ನು ಮುಂದಿಟ್ಟಳು. ಪರದೇಶದ ಗಂಡ ಹೆಂಡತಿ, ಮೇಣದ ಬತ್ತಿ, ಊಟದ ಮೇಲೆ ಸಿಹಿ ವೈನು.

“ದ್ರಾಕ್ಷಿದಂತೆ ಕಣ್ರೀ. ಒಂದು ಸಂಜೆ ನಾವೂ ಹಿಂಗೆ ಕೂರಾಕೆ ಆಗಲ್ವಾ?”

ಪಾಪ, ಆಕೆ ಕೇಳಿದ್ದು ಬಂಗಾರವಲ್ಲ. ಆದರೆ ಹಣೆಯ ಮೇಲೆ ಮೂರು ಬೆರಳು ವಿಭೂತಿ ಹೊತ್ತವನು ಬ್ರಾಂದಿ ಅಂಗಡಿಯ ಮೆಟ್ಟಿಲು ಹತ್ತುವುದುಂಟೇ? ಹತ್ತಿದರೆ ಒಳಗಿನಿಂದ ಶಾಲೆ ಹುಡುಗರ ಅಪ್ಪಂದಿರೇ ಎದ್ದು “ನಮಸ್ಕಾರ ಮೇಷ್ಟ್ರೇ” ಅಂದಾರು. ಆಗ ಮಹಾಮೇಧಾವಿಗೆ ಹೊಳೆಯಿತು, ಪಂಚಾಕ್ಷರಪ್ಪ ಪಂಡಿತರ ಆಯುರ್ವೇದದ ಅಂಗಡಿ. ದ್ರಾಕ್ಷಿಯನ್ನು ಹುಳಿ ಬರಿಸಿ ಬಾಟ್ಲಿಗೆ ತುಂಬುವ ವಿದ್ಯೆ ನಮ್ಮ ಹಿರಿಯರಿಗೆ ಗೊತ್ತಿರಲಿಲ್ಲವೇ!

ಪಂಡಿತರು ಒಂದೊಂದೇ ಮುಚ್ಚಳದಲ್ಲಿ ಬಗ್ಗಿಸಿಕೊಟ್ಟರು. ಕುಮಾರ್ಯಾಸವ ಕಹಿ. ಲೋಹಾಸವ ಕುದುರೆ ಲಾಳ ನೆಕ್ಕಿದ ಹಾಗಿತ್ತು. ದ್ರಾಕ್ಷಾರಿಷ್ಟ ಮಾತ್ರ ಸಿಹಿಯಾಗಿ, ಬೆಚ್ಚಗೆ ಗಂಟಲಿಗಿಳಿಯಿತು.

“ಇದು ಯಾರಿಗೆ ಮೇಷ್ಟ್ರೇ?”

“ಮನೆಯಾಕೆಗೆ... ಊಟ ಆದ್ಮೇಲೆ ಕುಡಿಯಾಕೆ. ಅವ್ವಗೆ ಗೊತ್ತಾಗಬಾರ್ದು ನೋಡ್ರಿ.”

ಪಂಡಿತರ ಮುಖ ಅರಳಿತು. “ತಿಳೀತು ಬಿಡ್ರಿ. ಬಾಳ ಸಂತೋಷ!”

ಏನು ತಿಳಿಯಿತು ಎಂದು ಕೇಳುವ ಬುದ್ಧಿ ಇವನಿಗೆಲ್ಲಿ ಬರಬೇಕು? ಮುಂದಿನ ಬಸ್ಸಿಗೇ ಪಂಡಿತರು ರೋಗಿಯೊಬ್ಬರನ್ನು ನೋಡಲು ಸೊಕ್ಕೆಗೆ ಹೋದರು.

ಸಂಜೆ ರುದ್ರಾಣಿ ಧಾರೆ ಸೀರೆ ಉಟ್ಟಳು, ಮಲ್ಲಿಗೆ ಮುಡಿದಳು. ಹೋಳಿಗೆ ಊಟವಾಯಿತು. ದೀಪ ಹಚ್ಚಿ, ಎರಡು ಸ್ಟೀಲ್ ಲೋಟ ಇಟ್ಟು, ಕೊಟ್ರಬಸಪ್ಪ ಮುಚ್ಚಳ ತಿರುಗಿಸಿದನೋ ಇಲ್ಲವೋ, ಬಾಗಿಲು ದಬದಬ ಬಡಿದ ಸದ್ದು. ತಾಯಿ! ಕೈಯಲ್ಲಿ ಕೊಬ್ಬರಿ ಚೀಲ, ಕಣ್ಣಲ್ಲಿ ನೀರು. ಬಂದವರೇ ಸೊಸೆಯನ್ನು ಅಪ್ಪಿಕೊಂಡರು.

“ಪಂಡಿತರು ಎಲ್ಲ ಹೇಳಿದ್ರು ನನ್ನವ್ವಾ. ಎಷ್ಟು ತಿಂಗ್ಳು?”

ರುದ್ರಾಣಿಯ ಮುಖ ಬಿಳಿಚಿಕೊಂಡಿತು. ಮೂರು ವರ್ಷದಿಂದ ಹಬ್ಬಹಬ್ಬಕ್ಕೂ ಅದೇ ಪ್ರಶ್ನೆ ಕೇಳಿಸಿಕೊಂಡವಳು. ಈಗ ‘ಏನೂ ಇಲ್ಲ’ ಎಂದು ಮತ್ತೆ ತಲೆ ತಗ್ಗಿಸಬೇಕು. ಕೊಟ್ರಬಸಪ್ಪ ಲೋಟ ಬದಿಗೆ ಸರಿಸಿದ. ಜೀವಮಾನದಲ್ಲಿ ಮೊದಲ ಸಲ ಗಂಡಸಾಗಿ ಎದ್ದು ನಿಂತ.

“ಅವ್ವಾ, ಆಕೆಗೆ ಏನೂ ಇಲ್ಲ. ಆ ಔಷಧಿ ನಂದು.”

ಸರ್ವಮಂಗಳಮ್ಮ ಮಗನನ್ನು ಮೇಲಿಂದ ಕೆಳಗೆ ನೋಡಿದರು. ಬಾಟ್ಲಿ ನೋಡಿದರು. ಮತ್ತೆ ಮಗನನ್ನು ನೋಡಿದರು.

“ನಿಂದಾ? ಅಯ್ಯೋ ನನ್ನ ಶಿವನೇ! ಊನ ನಿನ್ನತ್ರ ಇಟ್ಕೊಂಡು ಮೂರು ವರ್ಷ ಈ ಹುಡುಗೀನ ಬಂಜೆ ಅನ್ನಿಸಿದ್ಯಲ್ಲೋ!”

“ಹಂಗಲ್ಲವ್ವಾ...”

“ಬಾಯಿ ಮುಚ್ಚು!”

ಬೆಳಗಾಗುವುದರೊಳಗೆ ಪಂಡಿತರು ಮನೆಯಲ್ಲಿದ್ದರು. ನಾಡಿ ಹಿಡಿದು, ನಾಲಿಗೆ ನೋಡಿ, ಗಂಭೀರವಾಗಿ ತೀರ್ಪು ಕೊಟ್ಟರು: ನಲವತ್ತೆಂಟು ದಿನ ಕಹಿ ಕಷಾಯ. ಉಪ್ಪು, ಖಾರ, ಸಿಹಿ ವರ್ಜ್ಯ. ಹಾಸಿಗೆ ಪಡಸಾಲೆಯಲ್ಲಿ, ಒಂಟಿಯಾಗಿ.

ಅಂದಿನ ಸಂಜೆ ಪಡಸಾಲೆಯ ಚಾಪೆಯ ಮೇಲೆ ಕೂತವನಿಗೆ ಒಳಗಿನ ಮಾತು ಕೇಳಿಸುತ್ತಿತ್ತು. ಅದೇ ದೀಪ, ಅದೇ ಲೋಟ.

“ಅತ್ತೇ, ಇನ್ನೊಂದು ಮುಚ್ಚಳ ಹಾಕ್ಲಾ?”

“ಹಾಕವ್ವಾ, ನೀನೂ ಕುಡಿ. ಪಾಪ, ನಿನ್ನ ಎಷ್ಟು ಅಂದ್ಬಿಟ್ಟೆ ನಾನು!”

ಅತ್ತೆ ಸೊಸೆ ನಕ್ಕರು. ಮೂರು ವರ್ಷದಲ್ಲಿ ಆ ಮನೆಯಲ್ಲಿ ಅಂಥ ನಗು ಕೇಳಿರಲಿಲ್ಲ.

ಸ್ವಲ್ಪ ಹೊತ್ತಿಗೆ ರುದ್ರಾಣಿ ಲೋಟ ಹಿಡಿದು ಹೊರಬಂದಳು. ಮುಡಿಯಲ್ಲಿ ಮಲ್ಲಿಗೆ, ಕೆನ್ನೆ ಕೆಂಪು. ಕೊಟ್ರಬಸಪ್ಪ ನೆಟ್ಟಗೆ ಕೂತ. ಒಂದು ಗುಟುಕಾದರೂ ಉಳಿಸಿ ತಂದಳಲ್ಲ! ಆಸೆಯಿಂದ ಬಾಯಿಗಿಟ್ಟ. ಕಷಾಯ.

“ನಿಮ್ಮ ಉಪಕಾರ ಸಾಯೋ ತನಕ ಮರೆಯಲ್ಲ ರೀ,” ಎಂದು ಪಿಸುಗುಟ್ಟಿದಳು. “ಆದ್ರೆ ಅತ್ತೆ ಬಾಗ್ಲಾಗೆ ನಿಂತಾರೆ, ಪೂರ್ತಿ ಕುಡೀರಿ. ಇನ್ನು ನಲವತ್ತೇಳೇ ದಿನ ಐತೆ.”