ಅಲಿಯಾಸ್ ಅಳಿಸಿದ ಅಣ್ಣ

ಎಪ್ಪತ್ತು ದಾಟಿದವರಿಗೆ ಒಂದು ಅನುಕೂಲವಿದೆ. ಏನು ತಪ್ಪು ಮಾಡಿದರೂ ಮನೆಯವರು ಅದನ್ನು ವಯಸ್ಸಿನ ಮೇಲೆ ಹಾಕಿ ಸುಮ್ಮನಾಗುತ್ತಾರೆ. ಗ್ಯಾಸ್ ಒಲೆ ಆರಿಸದೆ ಬಂದರೆ ಮರೆವು, ಬೇರೆಯವರ ಚಪ್ಪಲಿ ಮೆಟ್ಟಿಕೊಂಡು ಬಂದರೆ ಕಣ್ಣಿನ ಪೊರೆ, ಒಂದೇ ಕಥೆಯನ್ನು ಮೂರನೇ ಸಲ ಹೇಳಿದರೆ ‘ಪಾಪ, ಹೇಳ್ಕೊಳ್ಲಿ ಬಿಡಿ’. ಈ ರಿಯಾಯಿತಿಯನ್ನು ನಾನೂ ಧಾರಾಳವಾಗಿ ಬಳಸಿಕೊಂಡವನೇ. ಆದರೆ ಈಗ ಒಪ್ಪಿಕೊಳ್ಳಲು ಹೊರಟಿರುವ ತಪ್ಪಿಗೆ ಅದು ಬೇಡ. ಅದನ್ನು ನಾನು ಮಾಡಿದ್ದು ಪೂರ್ತಿ ಎಚ್ಚರದಲ್ಲಿ, ಬೆಳಿಗ್ಗೆ ಹನ್ನೊಂದು ಗಂಟೆಗೆ, ತಿಂಡಿ ತಿಂದು, ಕನ್ನಡಕ ಒರೆಸಿಕೊಂಡು.

ಬಟವಾಡಿಯಲ್ಲಿ, ಮನೆಯ ಮುಂಭಾಗದಲ್ಲೇ, ನನ್ನದೊಂದು ಲಗ್ನಪತ್ರಿಕೆ ಅಂಗಡಿಯಿದೆ. ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಅಲ್ಲಿಂದ ಮುಂದಿನ ವಿದ್ಯೆಯನ್ನೆಲ್ಲ ಲಗ್ನಪತ್ರಿಕೆಗಳೇ ಕಲಿಸಿದವು. ಅದರಲ್ಲಿ ಮುಖ್ಯವಾದದ್ದು, ಯಾರ ಹೆಸರು ಮೇಲೆ, ಯಾರ ಹೆಸರು ಕೆಳಗೆ ಎಂಬ ವಿದ್ಯೆ. ಒಂದು ಮನೆಯ ಮೂವರು ಅಣ್ಣತಮ್ಮಂದಿರು ಈ ವಿಷಯಕ್ಕೆ ನನ್ನ ಅಂಗಡಿಯಲ್ಲೇ ಕೈ ಕೈ ಮಿಲಾಯಿಸುವ ಹಂತಕ್ಕೆ ಹೋದಾಗ, ಯಾರೂ ಮೊದಲಲ್ಲ ಯಾರೂ ಕೊನೆಯಲ್ಲ ಎಂದು ಮೂರು ಹೆಸರನ್ನೂ ಗಣಪತಿಯ ಸುತ್ತ ದುಂಡಗೆ ಜೋಡಿಸಿಕೊಟ್ಟೆ. ಬಹಳ ಜಾಣತನ ಮಾಡಿದೆ ಎಂದುಕೊಂಡೆ. ಮರುದಿನ ಮತ್ತೆ ಬಂದರು. ಗಣಪತಿಯ ಕಿರೀಟದ ಮೇಲೆ ಯಾರು, ಇಲಿಯ ಪಕ್ಕ ಯಾರು ಎಂಬುದು ಹೊಸ ಜಗಳ. ಇಂಥವರನ್ನು ನೋಡಿ ನಾನು ಜೀವನವಿಡೀ ನಕ್ಕಿದ್ದೇನೆ.

ಕುಣಿಗಲ್‌ನಲ್ಲಿ ನನ್ನ ತಮ್ಮ ರುದ್ರೇಶನದೂ, ಗುಬ್ಬಿಯಲ್ಲಿ ನನ್ನ ತಂಗಿಯದೂ ಇದೇ ವ್ಯಾಪಾರ. ಮೂರು ಅಂಗಡಿಗೂ ಸೇರಿ ಒಂದು ವೆಬ್‌ಸೈಟ್ ಇರಲಿ ಎಂದು ಮಾಡಿಕೊಟ್ಟವಳು ತಂಗಿಯ ಮಗಳು ಶಶಿಕಲಾ. ಗುಬ್ಬಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಮಾಡುತ್ತಾಳೆ. ನಾನು ಹಿರಿಯ ಎಂಬ ಗೌರವಕ್ಕೆ ಅದರ ಕಂಟ್ರೋಲ್ ಪ್ಯಾನೆಲ್ಲಿನ ಪಾಸ್‌ವರ್ಡನ್ನು ನನಗೂ ಕೊಟ್ಟು, ಪಕ್ಕದಲ್ಲಿ ಕೂತು ವಿವರಿಸಿದಳು. ನನ್ನ ಅಂಗಡಿಯ ಹೆಸರು ಮುಖ್ಯ ಡೊಮೈನ್, ಅಂದರೆ ಮನೆಯ ವಿಳಾಸ. ಗುಬ್ಬಿ ಅಂಗಡಿಯದು ಸಬ್‌ಡೊಮೈನ್, ಅದೇ ವಿಳಾಸದ ಮುಂದೆ ಒಂದು ಪದ ಸೇರಿಸಿ ಮಾಡಿದ ಕೋಣೆ. ರುದ್ರೇಶ ಮಾತ್ರ ತನ್ನ ಅಂಗಡಿಯ ಹೆಸರಿನಲ್ಲೇ ಬೇರೆ ಡೊಮೈನ್ ಕೊಂಡಿದ್ದ. ಅದನ್ನು ಅಲಿಯಾಸ್ ಮಾಡಿದಳು. ಹಾಗೆಂದರೆ ಅದೇ ಮನೆಗೆ ಇನ್ನೊಂದು ಬೋರ್ಡು; ಯಾವ ಹೆಸರು ಹಿಡಿದು ಬಂದರೂ ಒಂದೇ ಬಾಗಿಲು. ಅಲಿಯಾಸ್ ಎಂಬ ಪದವನ್ನು ನಾನು ಅದುವರೆಗೆ ಕಳ್ಳರ ಸುದ್ದಿಯಲ್ಲಿ ಮಾತ್ರ ಓದಿದ್ದೆ. ಆದರೂ ಪಟ್ಟಿಯಲ್ಲಿ ನನ್ನ ಹೆಸರು ಎಲ್ಲಕ್ಕಿಂತ ಮೇಲಿದ್ದುದನ್ನು ನೋಡಿ, ಹುಡುಗಿ ಬುದ್ಧಿವಂತೆ ಎಂದುಕೊಂಡೆ.

ಹೀಗಿರಲು ಒಂದು ದಿನ ಕೋರ ಊರಿನ ಕಡೆಯ ಗಿರಾಕಿಯೊಬ್ಬ ಫೋನ್ ಹಿಡಿದುಕೊಂಡು ಅಂಗಡಿಗೆ ಬಂದ. ಅದರಲ್ಲಿ ನಮ್ಮ ಕಾರ್ಡುಗಳೇ ಕಾಣುತ್ತಿದ್ದವು. ಮೇಲೆ ವಿಳಾಸದ ಜಾಗದಲ್ಲಿ ಮಾತ್ರ ತಮ್ಮನ ಅಂಗಡಿಯ ಹೆಸರಿತ್ತು.

“ಸಾರ್, ಇದು ಕುಣಿಗಲ್‌ನೋರ ಬ್ರ್ಯಾಂಚಾ?” ಎಂದು ಕೇಳಿದ.

ಅವನು ಸರಳವಾಗಿ ಕೇಳಿದ್ದ. ಕಾರ್ಡೂ ತೆಗೆದುಕೊಂಡು ಹೋದ. ಆದರೆ ಆ ‘ಬ್ರ್ಯಾಂಚು’ ರಾತ್ರಿ ನನ್ನ ಹಾಸಿಗೆಗೂ ಬಂತು. ನಾನು ಅಂಗಡಿ ಇಟ್ಟಾಗ ಈ ರುದ್ರೇಶ ಚಡ್ಡಿ ಹಾಕಿಕೊಂಡು ಗೋಲಿ ಆಡುತ್ತಿದ್ದ. ನಾನು ಅವನ ಬ್ರ್ಯಾಂಚೇ? ಮರುದಿನ ಹನ್ನೊಂದು ಗಂಟೆಗೆ ಪ್ಯಾನೆಲ್ ತೆರೆದೆ. ತಮ್ಮನ ಹೆಸರಿನ ಮುಂದೆ ‘ರಿಮೂವ್’ ಎಂದಿತ್ತು. ಒತ್ತಿದೆ. ‘ಖಚಿತವೇ?’ ಎಂದು ಇಂಗ್ಲಿಷಿನಲ್ಲಿ ಕೇಳಿತು. ಪಾಪ, ಯಂತ್ರ ಕೂಡ ಒಂದು ಅವಕಾಶ ಕೊಟ್ಟಿತು. ಖಚಿತ ಎಂದೆ.

ಎರಡು ದಿನ ನೆಮ್ಮದಿಯಾಗಿದ್ದೆ. ಬುಧವಾರ ಬೆಳಿಗ್ಗೆ ರುದ್ರೇಶನ ಫೋನ್ ಬಂತು.

“ಅಣ್ಣ, ಒಂದು ಎಡವಟ್ಟಾಗೈತೆ. ಸಿದ್ದಲಿಂಗಪ್ಪನೋರ ಮಗಳ ಮದ್ವೆ ಪತ್ರಿಕೆ ಆರುನೂರು ಹೊಡ್ದುಕೊಟ್ಟಿದ್ನಲ್ಲ, ಅದರ ಕ್ಯೂಆರ್ ಕೋಡ್ ಕೆಲ್ಸ ಮಾಡ್ತಿಲ್ಲ. ನಾನೇ ತಪ್ಪು ಕೋಡ್ ಹಾಕಿದೀನೋ ಏನೋ. ಅವ್ರು ಅಂಗಡೀಲೇ ಕುಂತವ್ರೆ.”

ಈಗಿನ ಲಗ್ನಪತ್ರಿಕೆಯ ಮೂಲೆಯಲ್ಲಿ ಒಂದು ಕಪ್ಪು ಚೌಕ ಇರುತ್ತದೆ. ಅದಕ್ಕೆ ಫೋನ್ ಹಿಡಿದರೆ ಮದುವೆಯ ಪುಟ ತೆರೆದು, ಛತ್ರಕ್ಕೆ ದಾರಿ ತೋರಿಸುತ್ತದೆ. ಸಿದ್ದಲಿಂಗಪ್ಪನವರು ಗೊತ್ತುಮಾಡಿದ್ದ ಛತ್ರವೋ ಕುಣಿಗಲ್‌ನಿಂದಾಚೆ ತೋಟಗಳ ನಡುವೆ ಹೊಸದಾಗಿ ಕಟ್ಟಿದ್ದು. ಹೆಸರು ಹೇಳಿದರೆ ಊರಿನವರಿಗೇ ಗೊತ್ತಿಲ್ಲ. ಬರುವ ಭಾನುವಾರ ಮದುವೆ. ಆರುನೂರು ಮನೆಯವರ ಕೈಯಲ್ಲಿದ್ದ ಚೌಕ ನಾನು ಅಳಿಸಿದ ಹೆಸರಿಗೆ ಹೋಗಿ ಗೋಡೆಗೆ ಢಿಕ್ಕಿ ಹೊಡೆಯುತ್ತಿತ್ತು. ಬೇರೆ ಪತ್ರಿಕೆ ಹೊಡೆದುಕೊಡೋಣವೆಂದರೆ ನಮ್ಮ ಕಡೆ ಅದಾಗದ ಮಾತು. ಅರಿಶಿನ ಕುಂಕುಮ ಹಚ್ಚಿ ಒಮ್ಮೆ ಕೊಟ್ಟ ಪತ್ರಿಕೆಯನ್ನು ವಾಪಸ್ ಪಡೆಯುವುದಾಗಲಿ, ಅದೇ ಮದುವೆಗೆ ಎರಡನೇ ಪತ್ರಿಕೆ ಹಿಡಿದು ಹೋಗುವುದಾಗಲಿ ಅಪಶಕುನ.

ಇಷ್ಟೆಲ್ಲ ಗೊತ್ತಿದ್ದೂ ನಾನು ತಮ್ಮನಿಗೆ ಏನು ಹೇಳಿದೆ? “ನೋಡೋಣ ಬಿಡು, ನಾನು ವಿಚಾರಿಸ್ತೀನಿ” ಎಂದೆ. ಹೆಸರು ಅಳಿಸಿದ್ದಕ್ಕಿಂತ ದೊಡ್ಡ ಪಾಪ ಈ ವಾಕ್ಯ. “ನೀನಿದ್ರೆ ಧೈರ್ಯ ಅಣ್ಣ” ಎಂದ ಅವನು.

ಆಗ ನಿರ್ಧಾರ ಮಾಡಿದೆ. ಕೆಡಿಸಿದವನು ನಾನು, ನಾನೇ ಸರಿಮಾಡಬೇಕು. ಅದಾಗುವವರೆಗೆ ಕುರ್ಚಿ ಬಿಟ್ಟು ಏಳುವುದಿಲ್ಲ. ಪ್ಯಾನೆಲ್ ತೆರೆದು, ಹೊಸ ಡೊಮೈನ್ ಸೇರಿಸುವ ಕಡೆ ತಮ್ಮನ ಅಂಗಡಿಯ ಹೆಸರನ್ನು ಒಂದೊಂದೇ ಅಕ್ಷರ ಒತ್ತಿ ಕೂರಿಸಿದೆ. ಹಸಿರು ಬಣ್ಣದಲ್ಲಿ ‘ಯಶಸ್ವಿ’ ಎಂದು ಬಂತು. ಗೆದ್ದೆನೆಂದು ರುದ್ರೇಶನಿಗೆ ಫೋನ್ ಮಾಡಿದೆ.

“ಬಂತು ಕಣಣ್ಣ,” ಎಂದ. ಬೆರಳಾಡಿಸಿ ನೋಡಿ, “ಆದ್ರೆ ಒಳಗೆ ಏನೂ ಇಲ್ಲ. ಖಾಲಿ” ಎಂದ.

ಇನ್ನು ಶಶಿಕಲಾಳನ್ನು ಕೇಳದೆ ದಾರಿಯಿರಲಿಲ್ಲ. ಅವಳು ತನ್ನ ಕಂಪ್ಯೂಟರಿನಲ್ಲಿ ನೋಡಿ ಹೇಳಿದಳು: “ಮಾವ, ಅದಕ್ಕೆ ಬೇರೆ ಫೋಲ್ಡರ್ ಆಗ್ಬಿಟ್ಟಿದೆ. ಅಲ್ಲೊಂದು ಟಿಕ್ ಇರುತ್ತೆ ನೋಡಿ, ಮುಖ್ಯ ಡೊಮೈನ್ ಜೊತೆ ಒಂದೇ ಫೋಲ್ಡರ್ ಹಂಚ್ಕೊಳ್ಳೋಕೆ. ಅದನ್ನ ಹಾಕಿಲ್ಲ ನೀವು. ಅದಿರ್ಲಿ, ಮುಂಚೆ ಇದ್ದ ಅಲಿಯಾಸ್ ಎಲ್ಲಿ ಹೋಯ್ತು? ಅದು ತಾನಾಗೇ ಹೋಗಲ್ಲ.”

ನಾನು ಕನ್ನಡಕ ತೆಗೆದು ಒರೆಸತೊಡಗಿದೆ.

“ಪಾಸ್‌ವರ್ಡ್ ಇರೋದು ನಮ್ಮಿಬ್ಬರ ಹತ್ರ ಮಾವ. ನಾನಂತೂ ತೆಗೆದಿಲ್ಲ.”

“ನಾನೇ ತೆಗೆದೆ ಕಣಮ್ಮ” ಎಂದೆ.

“ನಾನೇ ಸರಿ ಮಾಡ್ಲಾ?”

“ಬೇಡ. ನೀನು ಹೇಳ್ತಾ ಹೋಗು, ಒತ್ತೋನು ನಾನೇ.”

ಖಾಲಿ ಫೋಲ್ಡರಿನ ಡೊಮೈನ್ ತೆಗೆದೆ. ಈ ಸಲ ‘ಖಚಿತವೇ?’ ಎಂದು ಕೇಳಿದಾಗ ಶಶಿಕಲಾಳನ್ನು ಎರಡು ಸಲ ಕೇಳಿ ಒತ್ತಿದೆ. ಮತ್ತೆ ಹೆಸರು ಬರೆದು, ಒಂದೇ ಫೋಲ್ಡರ್ ಎಂಬ ಚೌಕದೊಳಗೆ ಟಿಕ್ ಹಾಕಿದೆ. ಈ ಸಲ ಪುಟ ಬಂತು, ಆದರೆ ಬರುವ ಮೊದಲು ಕೆಂಪು ಅಕ್ಷರದಲ್ಲಿ ‘ಇದು ಸುರಕ್ಷಿತವಲ್ಲ, ನಿಮ್ಮ ಮಾಹಿತಿ ಕಳವಾಗಬಹುದು’ ಎಂಬ ಎಚ್ಚರಿಕೆಯೂ ಬಂತು. ರುದ್ರೇಶನ ಫೋನಿನಲ್ಲಿ ಹಿಂದಿನಿಂದ ಸಿದ್ದಲಿಂಗಪ್ಪನವರ ದನಿ ಕೇಳಿಸಿತು: “ನಮ್ಮನೆ ಮದ್ವೆಗೆ ಬಂದ್ರೆ ಕಳ್ತನ ಆಯ್ತದೆ ಅಂತ ಬರ್ತಾ ಐತಲ್ಲಪ್ಪ. ಬೀಗರು ನೋಡಿದ್ರೆ ಏನಂದ್ಕೊಂಡಾರು?” ಹೆಸರು ತೆಗೆದಾಗ ಅದರ ಸುರಕ್ಷತೆಯ ಸರ್ಟಿಫಿಕೇಟೂ ಹೋಗಿತ್ತಂತೆ. ಶಶಿಕಲಾ ಹೇಳಿದ ಕಡೆ ಒತ್ತಿ, ಅದು ಮತ್ತೆ ಬರುವವರೆಗೆ ಕಾದೆ. ಮಧ್ಯಾಹ್ನದ ಮುದ್ದೆ ಅಲ್ಲೇ ಮೇಜಿನ ಮೇಲೆ ಆರಿತು. ಸಂಜೆ ಐದಕ್ಕೆ ಎಚ್ಚರಿಕೆ ಮಾಯವಾಗಿ, ಛತ್ರದ ದಾರಿ ಸಲೀಸಾಗಿ ತೆರೆದುಕೊಂಡಿತು.

ಯುದ್ಧ ಗೆದ್ದವನಂತೆ ಕೈ ತೊಳೆಯಲು ಎದ್ದೆ. ನನ್ನ ಹೆಂಡತಿ ಪಾರ್ವತಿ ಬೆಳಗಿನಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

“ಸರಿ ಮಾಡಿದ್ದಾಯ್ತು. ರುದ್ರೇಶಂಗೆ ಹೇಳಿದ್ದಾಯ್ತಾ?”

“ಈಗ ಎಲ್ಲಾ ಸರಿಹೋಯ್ತಲ್ಲ, ಯಾಕೆ ಸುಮ್ನೆ?”

“ಅವನು ಬೆಳಗಿಂದ ತನ್ದೇ ತಪ್ಪು ಅಂತ ಒಬ್ರತ್ರ ಬೈಸ್ಕೊಂಡವ್ನೆ. ಅದನ್ನ ಯಾವ ಬಟನ್ ಒತ್ತಿ ಸರಿ ಮಾಡ್ತೀರಿ?”

ಗುರುವಾರ ಬೆಳಿಗ್ಗೆ ಕುಣಿಗಲ್ ಬಸ್ಸು ಹತ್ತಿದೆ. ಹೇಳಿದರೆ ಇಬ್ಬರಿಗೂ ಸೇರಿಸಿ ಹೇಳಬೇಕೆಂದು, ಸಿದ್ದಲಿಂಗಪ್ಪನವರನ್ನೂ ಅಂಗಡಿಗೆ ಕರೆಸಲು ಹೇಳಿದ್ದೆ. ಒಂದೂ ಬಚ್ಚಿಡದೆ, ಬ್ರ್ಯಾಂಚಿನ ಮಾತನ್ನೂ ಸೇರಿಸಿ ಹೇಳಿದೆ. ರುದ್ರೇಶ ಕಾರ್ಡಿನ ಕಟ್ಟೊಂದನ್ನು ಬಿಚ್ಚಿ ಮತ್ತೆ ಕಟ್ಟಿದ. ಆಮೇಲೆ ನನ್ನ ಮುಖ ನೋಡದೆ ಅಂದ:

“ಬೇಡ ಅಂದಿದ್ರೆ ನಾನೇ ಬೇರೆ ಮಾಡ್ಕೊತಿದ್ದೆ ಅಣ್ಣ. ಒಂದು ಮಾತು ಕೇಳ್ಬೋದಿತ್ತು.”

ಬೈದಿದ್ದರೆ ಚೆನ್ನಾಗಿತ್ತು. ಬೈಯುವ ಕೆಲಸವನ್ನು ಸಿದ್ದಲಿಂಗಪ್ಪನವರು ವಹಿಸಿಕೊಂಡರು. “ಏನ್ ಯಜಮಾನ್ರೆ, ನಿಮ್ಮ ದೊಡ್ಡಸ್ತಿಕೆಗೆ ನನ್ ಮಗಳ ಮದ್ವೇನೇ ಬೇಕಿತ್ತಾ?” ಎಂದವರು, ನಾನು ಕೈಮುಗಿದದ್ದನ್ನು ನೋಡಿ ತಣ್ಣಗಾದರು. “ಆಯ್ತು ಬುಡಿ. ಭಾನುವಾರ ಬೆಳಿಗ್ಗೆ ಏಳಕ್ಕೆ ಬಂದು ಛತ್ರದ ತಿರುವಿನಾಗೆ ನಿಂತ್ಕೊಳಿ. ಆ ಕೋಡು ಮತ್ತೆ ಕೈಕೊಟ್ರೆ ನೀವೇ ದಾರಿ ತೋರ್ಸಿ.”

ಶಿಕ್ಷೆಯನ್ನು ಮನಸಾರೆ ಒಪ್ಪಿಕೊಂಡೆ. ಭಾನುವಾರ ಆರೂವರೆಗೇ ಹೋಗಿ, ಇಸ್ತ್ರಿ ಮಾಡಿದ ಪಂಚೆ ಉಟ್ಟು, ಹೆಗಲ ಮೇಲೆ ಶಲ್ಯ ಹಾಕಿಕೊಂಡು ತಿರುವಿನಲ್ಲಿ ನಿಂತೆ. ಕಾರುಗಳು ಬಂದವು, ಟೆಂಪೋಗಳು ಬಂದವು. ಎಲ್ಲದರೊಳಗೂ ಫೋನು ಎಡಕ್ಕೆ ತಿರುಗಿ ಎನ್ನುತ್ತಿತ್ತು, ಎಲ್ಲರೂ ಎಡಕ್ಕೆ ತಿರುಗಿದರು. ಒಬ್ಬರೂ ನನ್ನನ್ನು ಏನೂ ಕೇಳಲಿಲ್ಲ. ಚಾಚಿದ ಕೈ ಒಂದು ಗಂಟೆಯಲ್ಲಿ ನೋಯತೊಡಗಿತು. ಮುಹೂರ್ತದ ಹೊತ್ತಿಗೆ ಸ್ಕೂಟರಿನಲ್ಲಿ ಬಂದ ಒಬ್ಬರು ನನ್ನನ್ನು ನೋಡಿ ಬ್ರೇಕ್ ಹಾಕಿದರು. ಕೊನೆಗೂ ಒಬ್ಬರು ಸಿಕ್ಕರೆಂದು ನಾನು ಉತ್ಸಾಹದಿಂದ ಮುಂದೆ ಬಂದೆ.

“ಮದ್ವೆಗೆ ಬಂದ್ರಾ ತಾತ? ದಾರಿ ಗೊತ್ತಾಗ್ಲಿಲ್ವಾ? ನನ್ ಫೋನ್‌ನಲ್ಲಿ ತೋರಿಸ್ತಾ ಐತೆ, ಹತ್ಕೊಳಿ,” ಎಂದರು.

ಒಂದು ಕ್ಷಣ ಯೋಚಿಸಿದೆ. ನಾನು ಯಾರು, ಇಲ್ಲೇಕೆ ನಿಂತಿದ್ದೇನೆ ಎಂದು ವಿವರಿಸಬೇಕಾದರೆ ಕೋರದ ಗಿರಾಕಿಯಿಂದ ಶುರುಮಾಡಬೇಕಿತ್ತು. ಶಲ್ಯ ಸರಿಮಾಡಿಕೊಂಡು, ಅವರ ಹೆಗಲು ಹಿಡಿದು, ಹಿಂದಿನ ಸೀಟಿನಲ್ಲಿ ಕುಳಿತೆ.